ಏರ್‌ಪೋರ್ಟಿಗೆ ಯಾರು ಬರುತ್ತಾರೆ?

2018ರ ಮಾರ್ಚ್. ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಲ್ಲಿ, ಪ್ರಯಾಣಿಕರು ಹೊರಗೆ ಬರುವ ಬಾಗಿಲ ಹತ್ತಿರ ನಾವು ಏಳು ಜನ ಕಾಯುತ್ತಾ ನಿಂತಿದ್ದೆವು. ದಕ್ಷಿಣ ಕೊರಿಯಾದ ಸೋಲ್‌ನಿಂದ ಬಂದ ವಿಮಾನ ಇಳಿದು ಒಂದೂವರೆ ಗಂಟೆ ಆಗಿತ್ತು. ಬರುವವರ ಮುಖ ಗೊತ್ತಿದ್ದದ್ದು ನಮ್ಮಲ್ಲಿ ಒಬ್ಬರಿಗೆ ಮಾತ್ರ, ಬರುತ್ತಿದ್ದ ಸಂಸಾರದ ಯಜಮಾನನ ಅಕ್ಕನಿಗೆ. ಐವರು ಆ ಅಕ್ಕ ಹೋಗುವ ಚರ್ಚಿನವರು. ಏಳನೆಯವಳು ನಾನು. ತುಮಕೂರು ಕಡೆಯವಳು, ಚರ್ಚಿನವಳಲ್ಲ, ಕೊರಿಯನ್ ಭಾಷೆ ಒಂದಕ್ಷರ ಬರುವುದಿಲ್ಲ. ಸಾಮಾನು ಜಾಸ್ತಿ ಇರುತ್ತೆ, ಇನ್ನೊಂದು ಕಾರು ಬೇಕು ಅಂತ ನಾವು ಬಾಡಿಗೆಗಿದ್ದ ಮನೆಯ ಒಡತಿ ಕರೆದಿದ್ದರು. ಅದಕ್ಕೆ ಹೋಗಿದ್ದೆ.

ಗಂಡ, ಹೆಂಡತಿ, ಹನ್ನೊಂದು ವರ್ಷದ ಹುಡುಗ, ಆರು ವರ್ಷದ ಹುಡುಗಿ, ಎಂಟು ಸೂಟ್‌ಕೇಸು. ಅಕ್ಕ ಅರ್ಜಿ ಹಾಕಿದ ಮೇಲೆ ವೀಸಾ ಸಿಗಲು ಹದಿಮೂರು ವರ್ಷ ಕಾದಿದ್ದರಂತೆ. ಅರ್ಜಿ ಹಾಕಿದಾಗ ಆ ಮಕ್ಕಳು ಹುಟ್ಟೇ ಇರಲಿಲ್ಲ. ಹೆಂಡತಿ ಎಲ್ಲರಿಗೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು, ನನಗೂ ಮಾಡಿದಳು. ಚರ್ಚಿನವರೊಬ್ಬರು ಚೀಲದಿಂದ ಬಿಸಿ ಫ್ಲಾಸ್ಕ್ ತೆಗೆದು ಮಕ್ಕಳಿಗೆ ಬಾರ್ಲಿ ನೀರು ಕೊಟ್ಟರು. ಯಾರೂ ದೊಡ್ಡ ಮಾತಾಡಲಿಲ್ಲ. ಸೂಟ್‌ಕೇಸುಗಳನ್ನು ಲೆಕ್ಕ ಮಾಡಿ ಮೂರು ಕಾರಿಗೆ ತುಂಬಿದೆವು.

ವಾಪಸ್ ಬರುವಾಗ ನಮ್ಮ ಮನೆ ಒಡತಿ ಒಂದು ಮಾತು ಹೇಳಿದರು. ಅಮೆರಿಕಕ್ಕೆ ಬಂದ ಕೊರಿಯಾದವರಲ್ಲಿ ಇದು ಎಲ್ಲರ ಬಾಯಲ್ಲೂ ಇರುವ ಮಾತಂತೆ. "ಏರ್‌ಪೋರ್ಟಿಗೆ ಯಾರು ಬರ್ತಾರೋ, ನೀನು ಅವರ ಕಸುಬೇ ಹಿಡೀತೀಯ." ತರಕಾರಿ ಅಂಗಡಿಯವನು ಕರೆದುಕೊಂಡು ಹೋದರೆ ನಾಳೆ ನಿನ್ನದೂ ತರಕಾರಿ ಅಂಗಡಿ. ಡ್ರೈ ಕ್ಲೀನಿಂಗಿನವನು ಬಂದರೆ ನೀನೂ ಬಟ್ಟೆಗೆ ಇಸ್ತ್ರಿ ಹಾಕುತ್ತೀಯ. "ನಮ್ಮನ್ನ ಕರ್ಕೊಂಡು ಹೋಗೋಕೆ 1982ರಲ್ಲಿ ತರಕಾರಿಯವರು ಬಂದಿದ್ರು" ಅಂದರು.

ನನ್ನ ಗಂಡನಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿದಾಗ ನಾವು ಕ್ವೀನ್ಸ್‌ನ ಫ್ಲಷಿಂಗ್‌ನಲ್ಲಿ ಮನೆ ಹುಡುಕಿದೆವು. ಕಾರಣ ಒಂದೇ, ಬೌನ್ ಸ್ಟ್ರೀಟಿನ ಗಣೇಶನ ಗುಡಿ. 1977ರಲ್ಲಿ ಪ್ರತಿಷ್ಠೆ ಆದ ಗುಡಿ ಅದು. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ನನ್ನದು ಅವಲಂಬಿತರ ವೀಸಾ, ಕೆಲಸ ಮಾಡುವ ಹಾಗಿಲ್ಲ. ಗುಡಿಯಾದರೂ ಹತ್ತಿರ ಇರಲಿ ಅಂತ. ಗುಡಿಗೆ ನಡೆದು ಹೋಗುವ ದಾರಿಯುದ್ದಕ್ಕೂ ನೋಡಿದ್ದು ಮಾತ್ರ ಕೊರಿಯನ್ ಅಕ್ಷರದ ಬೋರ್ಡು ಹೊತ್ತ ಚರ್ಚುಗಳು. ಕಲ್ಲಿನ ಹಳೆಯ ಚರ್ಚು, ಅಂಗಡಿಯ ಮೇಲಿನ ಮಹಡಿಯಲ್ಲಿ ಚರ್ಚು, ಮನೆಯ ನೆಲಮಾಳಿಗೆಯಲ್ಲಿ ಚರ್ಚು. ಪಾರ್ಸನ್ಸ್ ರಸ್ತೆಯಲ್ಲಿ ಕೊರಿಯಾದ ಕ್ಯಾಥೊಲಿಕರ ದೊಡ್ಡ ಚರ್ಚು ಬೇರೆ, ಅವರದೇ ಹುತಾತ್ಮ ಸಂತ ಪೌಲ್ ಚಾಂಗ್ ಹಾಸಾಂಗ್ ಹೆಸರಿನದು. ಇಷ್ಟೊಂದು ಯಾಕೆ ಅಂತ ಬಂದ ಹೊಸದರಲ್ಲಿ ನನಗೆ ಅರ್ಥ ಆಗಿರಲಿಲ್ಲ.

ನಮ್ಮ ಮನೆ ಒಡತಿಗೆ ಆಗ ಎಪ್ಪತ್ತೆಂಟು. ಕೆಳಗಿನ ಮನೆಯಲ್ಲಿ ಅವರೊಬ್ಬರೇ, ಮೇಲಿನ ಮನೆ ನಮಗೆ ಬಾಡಿಗೆ. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು 'ಕ್ವೊನ್ಸಾನಿಂ'. ಚರ್ಚಿನಲ್ಲಿ ಹಿರಿಯ ಹೆಂಗಸರಿಗೆ ಕೊಡುವ ಸ್ಥಾನ ಕ್ವೊನ್ಸಾ. ಅದರ ಮುಂದಿನ 'ನಿಂ' ನಮ್ಮ 'ಅವರು', 'ಗಳು' ಇದ್ದ ಹಾಗೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು 'ಸೇದೆಕ್' ಅಂತಿದ್ದರು, ಹೊಸದಾಗಿ ಮದುವೆಯಾದ ಹುಡುಗಿ ಅಂತ. ನನಗೆ ಮದುವೆಯಾಗಿ ಆರು ವರ್ಷ ಆಗಿತ್ತು, ಅದು ಅವರಿಗೆ ಲೆಕ್ಕಕ್ಕಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಮೊದಲ ಮಾತು ಊಟ ಆಯ್ತಾ. ಕೊರಿಯಾದವರೂ ಹಾಗೇ ಕೇಳುತ್ತಾರೆ. ಅಮೆರಿಕದಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಅದಕ್ಕೇ ನಾನು ಅವರ ಹಿಂದೆ ಹೋದೆ ಅಂತ ಈಗ ಅನಿಸುತ್ತದೆ.

ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಇನ್ನೂರು ಜನಕ್ಕೆ ಊಟ. ಅದಕ್ಕೆ ಸೋಯಾ ಕಾಳಿನ ಮೊಳಕೆ ಬಿಡಿಸಬೇಕು. ಪೇಪರ್ ಹಾಸಿ, ಸುತ್ತ ಕೂತು, ಒಂದೊಂದೇ ಮೊಳಕೆಯ ಬಾಲ ಕಿತ್ತು ಜರಡಿಗೆ ಹಾಕಬೇಕು. ನಮ್ಮ ಊರಲ್ಲಿ ಅವರೆಕಾಳು ಹಿಸುಕುತ್ತಾ ಕೂರುತ್ತಾರಲ್ಲ, ಥೇಟ್ ಹಾಗೇ. ಕೈ ಕೆಲಸ ಮಾಡುತ್ತೆ, ಬಾಯಿ ಮಾತಾಡುತ್ತೆ.

ಆ ಬಾಯಿಮಾತಿನಲ್ಲೇ ಹೊಸದಾಗಿ ಬಂದ ಆ ಸಂಸಾರ ನಿಂತಿತು. ನಾನು ಕಣ್ಣಾರೆ ನೋಡಿದೆ. ಬಂದ ವಾರದಲ್ಲೇ ಮನೆ ಬೇಕಾಯಿತು. ಅಮೆರಿಕದಲ್ಲಿ ಸಾಲದ ಇತಿಹಾಸ ಇಲ್ಲದವರಿಗೆ ಬಾಡಿಗೆಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಾರೆ, ನಮಗೂ ಆ ಕಷ್ಟ ಆಗಿತ್ತು. ಮೊಳಕೆ ಬಿಡಿಸುತ್ತಿದ್ದ ಒಬ್ಬರ ಗಂಡ ಜಾಮೀನು ಸಹಿ ಹಾಕಿದರು. ಮಕ್ಕಳ ಲಸಿಕೆ ಪಟ್ಟಿ ಕೊರಿಯನ್ ಭಾಷೆಯಲ್ಲಿತ್ತು. ಇನ್ನೊಬ್ಬರ ಮಗಳು ನರ್ಸು, ಅವಳು ಕೂತು ಇಂಗ್ಲಿಷಿಗೆ ಇಳಿಸಿ ಶಾಲೆಗೆ ಕಳಿಸಿದಳು. ಕೆಲಸಕ್ಕೆ ಬೇಕಾದ ಸರ್ಕಾರಿ ನಂಬರ್ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಒಬ್ಬರು ಜೊತೆಗೆ ಹೋದರು. ಗಂಡನಿಗೆ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಏರ್‌ಪೋರ್ಟಿಗೆ ಬಂದಿದ್ದವರದೇ ಅಂಗಡಿ! ಹೆಂಡತಿ ಉಗುರಿಗೆ ಬಣ್ಣ ಹಚ್ಚುವ ಸಲೂನಿನಲ್ಲಿ ಕೆಲಸ ಕಲಿಯಲು ಸೇರಿದಳು. ಹೊಸ ಮನೆಗೆ ಹೋದ ದಿನ ಪಾದ್ರಿ ಬಂದು ಪ್ರಾರ್ಥನೆ ಮಾಡಿದರು. ಬಂದವರೆಲ್ಲರ ಕೈಯಲ್ಲೂ ಬಟ್ಟೆ ಸೋಪಿನ ಡಬ್ಬ, ಟಾಯ್ಲೆಟ್ ಪೇಪರಿನ ಕಟ್ಟು. ನನಗೆ ಆಶ್ಚರ್ಯ ಆಯಿತು. ಸೋಪಿನ ನೊರೆ ಉಕ್ಕಿದ ಹಾಗೆ ಮನೆಯ ಸಿರಿ ಉಕ್ಕಲಿ, ಸುರುಳಿ ಬಿಚ್ಚಿಕೊಂಡ ಹಾಗೆ ಕೆಲಸಗಳು ಸಲೀಸಾಗಲಿ ಅಂತ ಹಾರೈಕೆ. ಇದು ಕೊರಿಯಾದ ಪದ್ಧತಿ, ಚರ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಇಲ್ಲಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ದುಡ್ಡಿನ ವಿಷಯವೂ ಹಾಗೇ. ಅವರಲ್ಲಿ 'ಗ್ಯೆ' ಅಂತ ಇದೆ. ಕ್ವೊನ್ಸಾನಿಂ ವಿವರಿಸಲು ಶುರು ಮಾಡಿದರು, ಅರ್ಧದಲ್ಲೇ ನನಗೆ ಗೊತ್ತಾಯಿತು. ನಮ್ಮ ಚೀಟಿ! ಹತ್ತು ಜನ ಸೇರಿ ತಿಂಗಳಿಗೆ ಇಷ್ಟು ಅಂತ ಹಾಕುವುದು, ಪ್ರತಿ ತಿಂಗಳು ಒಬ್ಬರು ಪೂರ್ತಿ ಎತ್ತಿಕೊಳ್ಳುವುದು. ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಎಷ್ಟೋ ಅಂಗಡಿಗಳು ಇದರಲ್ಲೇ ಎದ್ದವಂತೆ. ಚರ್ಚು ಇದನ್ನು ನಡೆಸುವುದಿಲ್ಲ, ಅದರ ಲೆಕ್ಕದ ಪುಸ್ತಕದಲ್ಲಿ ಇದಿಲ್ಲ. ಆದರೆ ಚೀಟಿ ಎತ್ತಿದವನು ಓಡಿಹೋಗಬಾರದು ಅಂದರೆ ಅವನು ಮುಂದಿನ ಭಾನುವಾರವೂ ಕಣ್ಣಿಗೆ ಬೀಳಬೇಕಲ್ವಾ? ನಂಬಿಕೆಗೆ ಒಂದು ಜಾಗ ಬೇಕು. ಆ ಜಾಗ ಚರ್ಚು.

ನನಗೆ ಇದೆಲ್ಲ ಹೊಸದಲ್ಲ ಅನಿಸಿತು. ನಮ್ಮಪ್ಪ ಓದಿದ್ದು ಸಿದ್ಧಗಂಗೆಯ ಮಠದಲ್ಲಿ ಉಳಿದುಕೊಂಡು. ಊರಲ್ಲಿ ಅಜ್ಜಿ ದಿನಾ ಅನ್ನಕ್ಕೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ ಹಾಕುತ್ತಿದ್ದಳು. ಅದು ಮಠದ ದಾಸೋಹಕ್ಕೆ. ಬರಗಾಲದ ವರ್ಷವೂ ಆ ಹಿಡಿ ನಿಲ್ಲಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಒಂದು ಶನಿವಾರ ಮೊಳಕೆ ಬಿಡಿಸುತ್ತಾ ಇದನ್ನು ಹೇಳಿದೆ. ಕ್ವೊನ್ಸಾನಿಂ ಕೈ ನಿಂತಿತು. "ಸೊಂಗ್ಮಿ" ಅಂದರು. ಪಕ್ಕದಲ್ಲಿದ್ದ ಇನ್ನಿಬ್ಬರು ಮುದುಕಿಯರೂ "ಹೌದು ಹೌದು, ಸೊಂಗ್ಮಿ" ಅಂತ ತಲೆಯಾಡಿಸಿದರು. ಅವರ ಅಮ್ಮಂದಿರೂ ಹೀಗೇ, ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯವರ ಪಾಲಿನಿಂದ ಒಂದೊಂದು ಚಮಚ ತೆಗೆದು ಚೀಲಕ್ಕೆ ಹಾಕುತ್ತಿದ್ದರಂತೆ. ಭಾನುವಾರ ಆ ಚೀಲ ಚರ್ಚಿಗೆ. ಪಾದ್ರಿಯ ಮನೆಯ ಊಟ, ಬಡವರ ಊಟ ಅದರಲ್ಲೇ. ಹೆಸರು ಬೇರೆ, ಹಿಡಿ ಒಂದೇ.

ಅವತ್ತು ಅವರು ತಮ್ಮ ಕಥೆ ಹೇಳಿದರು. ಹುಟ್ಟಿದ್ದು 1940ರಲ್ಲಿ, ಪ್ಯೊಂಗ್ಯಾಂಗ್ ಹತ್ತಿರ. ಈಗ ಅದು ಉತ್ತರ ಕೊರಿಯಾದ ರಾಜಧಾನಿ. ಆಗ ಅಲ್ಲಿ ಕ್ರೈಸ್ತರು ಎಷ್ಟು ಜನ ಇದ್ದರು ಅಂದರೆ, 'ಪೂರ್ವದ ಜೆರುಸಲೇಂ' ಅಂತ ಹೆಸರಾಗಿತ್ತು. 1907ರಲ್ಲಿ ಅಲ್ಲಿ ದೊಡ್ಡ ಧಾರ್ಮಿಕ ಎಚ್ಚರ ಆಗಿತ್ತು, ನಸುಕಿನಲ್ಲಿ ಸೇರಿ ಪ್ರಾರ್ಥಿಸುವ ಪದ್ಧತಿಯೂ ಆ ಕಾಲದಲ್ಲೇ ಅಲ್ಲಿ ಬೇರುಬಿಟ್ಟಿದ್ದು. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಕ್ರೈಸ್ತರು ದಕ್ಷಿಣಕ್ಕೆ ಹೊರಡಲು ಶುರು ಮಾಡಿದರು. ಇವರು ಹೊರಟಿದ್ದು ಯುದ್ಧದ ನಡುವೆ, 1950ರ ಡಿಸೆಂಬರಿನಲ್ಲಿ. ಅಮ್ಮನ ಕೈ ಹಿಡಿದು ನಡೆದದ್ದು. ಅಪ್ಪ ಮೂರು ದಿನ ಬಿಟ್ಟು ಬರುತ್ತೇನೆ ಅಂದಿದ್ದರು. ಬರಲಿಲ್ಲ. ಆಮೇಲೆ ಸುದ್ದಿಯೂ ಇಲ್ಲ.

ಅಮ್ಮನ ಮೂಟೆಯಲ್ಲಿ ಒಂದು ಹೊದಿಕೆ, ಒಂದು ಬೈಬಲ್ಲು, ಆ ವಾರ ಚರ್ಚಿಗೆ ಒಪ್ಪಿಸಬೇಕಾಗಿದ್ದ ಸೊಂಗ್ಮಿ ಅಕ್ಕಿಯ ಚೀಲ. "ದಾರೀಲಿ ಹಸಿವಾಯ್ತು. ಅಮ್ಮ ಚೀಲ ಬಿಚ್ಚಲಿಲ್ಲ. ಎರಡನೇ ದಿನ ನನ್ನ ತಮ್ಮ ನಡೆಯೋಕೆ ಆಗದೆ ಕೂತುಬಿಟ್ಟ. ಆಗ ಅಮ್ಮ ಪ್ರಾರ್ಥನೆ ಮಾಡಿ, ಅತ್ತು, ಆ ಅಕ್ಕಿ ಬೇಯಿಸಿದಳು. ಸೋಲ್‌ಗೆ ಬಂದ ಮೇಲೆ ಅಷ್ಟೇ ಅಕ್ಕಿ ಚರ್ಚಿಗೆ ವಾಪಸ್ ಕೊಟ್ಟಳು. ಆ ಸಾಲ ತೀರಿಸೋಕೆ ಎರಡು ವರ್ಷ ಬೇಕಾಯ್ತು." ಹೇಳುತ್ತಾ ಮೊಳಕೆ ಬಿಡಿಸುವುದನ್ನು ಅವರು ನಿಲ್ಲಿಸಲಿಲ್ಲ.

ಸೋಲ್‌ನಲ್ಲಿ ಅವರು ಸೇರಿದ್ದು ಯೊಂಗ್ನಾಕ್ ಚರ್ಚು. ಉತ್ತರದಿಂದ ಓಡಿಬಂದವರಿಗಾಗಿ ಹಾನ್ ಕ್ಯೊಂಗ್‌ಜಿಕ್ ಅನ್ನುವ ಪಾದ್ರಿ 1945ರಲ್ಲಿ ಕಟ್ಟಿದ ಚರ್ಚು. ಅವರೂ ಉತ್ತರದಿಂದಲೇ ಬಂದವರು. ಅಂದರೆ ಅಮೆರಿಕಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಈ ಜನ ಒಂದು ಸಲ ವಲಸೆ ಬಂದಿದ್ದರು, ಚರ್ಚಿನಲ್ಲೇ ಮರುಜೀವನ ಕಟ್ಟಿಕೊಂಡಿದ್ದರು. ಹೊಸ ಊರಲ್ಲಿ ಮೊದಲು ಚರ್ಚು ಹುಡುಕಬೇಕು ಅನ್ನುವುದು ಅವರಿಗೆ ರೂಢಿ. 1965ರಲ್ಲಿ ಅಮೆರಿಕ ವಲಸೆ ಕಾನೂನು ಸಡಿಲ ಮಾಡಿದಾಗ ಕೊರಿಯಾದ ನರ್ಸುಗಳು, ಡಾಕ್ಟರುಗಳು ಬಂದರು. ಕ್ವೊನ್ಸಾನಿಂ ಅಕ್ಕ ಹಾಗೆ ಬಂದ ನರ್ಸು. ಅಕ್ಕ ಕರೆಸಿಕೊಂಡಿದ್ದಕ್ಕೆ 1982ರಲ್ಲಿ ಇವರು, ಗಂಡ, ಇಬ್ಬರು ಮಕ್ಕಳು ಬಂದರು.

ಗಂಡ ಸೋಲ್‌ನಲ್ಲಿ ಲೆಕ್ಕದ ಮೇಷ್ಟ್ರು. ಇಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಬ್ರಾಂಕ್ಸ್‌ನ ಹಂಟ್ಸ್ ಪಾಯಿಂಟ್ ಸಗಟು ಮಾರುಕಟ್ಟೆಗೆ ಹೋಗಿ ತರಕಾರಿ ಪೆಟ್ಟಿಗೆ ಹೊತ್ತು ತರುವುದು. ಅಂಗಡಿಯಲ್ಲಿ ಗಿರಾಕಿಗಳು "ಏಯ್" ಅಂತ ಕರೆಯುತ್ತಿದ್ದರಂತೆ. ಇಂಗ್ಲಿಷ್ ಬಾರದ್ದಕ್ಕೆ ದಡ್ಡ ಅಂದುಕೊಂಡವರೂ ಇದ್ದರು. ಭಾನುವಾರ ಮಾತ್ರ ಆತ ಇಸ್ತ್ರಿ ಮಾಡಿದ ಸೂಟು ಹಾಕಿ ಚರ್ಚಿನ ಬಾಗಿಲಲ್ಲಿ ನಿಂತರೆ ಎಲ್ಲರೂ 'ಜಾಂಗ್ನೋನಿಂ' ಅಂತ ತಲೆ ಬಾಗಿಸುತ್ತಿದ್ದರು. ಜಾಂಗ್ನೋ ಅಂದರೆ ಸಭೆಯ ಹಿರಿಯ. ಅವರ ಫೋಟೋ ನೋಡಿದ್ದೇನೆ. ಕೈ ಬೆರಳುಗಳು ಒಡೆದು ಕಪ್ಪಾಗಿವೆ, ಆ ಕೈಯಲ್ಲಿ ಬೈಬಲ್ಲು. ಆರು ದಿನ ಪೆಟ್ಟಿಗೆ ಹೊತ್ತವನು ಏಳನೇ ದಿನ ಮತ್ತೆ ಮೇಷ್ಟ್ರು ಆಗುತ್ತಿದ್ದ. ಇದನ್ನು ಬರೀ ಅಂತಸ್ತಿನ ಆಸೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮನುಷ್ಯನಿಗೆ ಹೆಸರು ಬೇಕು.

ಹೊಸದಾಗಿ ಬಂದವನ ವಿಷಯದಲ್ಲೂ ಇದನ್ನೇ ನೋಡಿದೆ. ಸೋಲ್‌ನಲ್ಲಿ ಅವನು ಎಂಜಿನಿಯರು. ಇಲ್ಲಿ ಶರ್ಟಿನ ಕಾಲರಿಗೆ ನಂಬರ್ ಚೀಟಿ ಅಂಟಿಸುವ ಕೆಲಸ. ಮೊದಲ ಮೂರು ತಿಂಗಳು ತಲೆ ತಗ್ಗಿಸಿಕೊಂಡು ಬಂದು, ಊಟ ಮಾಡಿ, ಮಾತಾಡದೆ ಹೋಗುತ್ತಿದ್ದ. ಒಂದು ಭಾನುವಾರ ಮೈಕು ಕಿರ್ ಅಂದು ಕೆಟ್ಟಿತು. ಯಾರಿಗೂ ಸರಿ ಮಾಡಲು ಬರಲಿಲ್ಲ. ಅವನು ಎದ್ದು ಹೋಗಿ ವೈರು ಬಿಚ್ಚಿ ಕಟ್ಟಿದ. ಆ ವಾರದಿಂದ ಧ್ವನಿ ವ್ಯವಸ್ಥೆ ಪೂರ್ತಿ ಅವನದೇ. ಮುಂದಿನ ತಿಂಗಳು ಅವನ ನಡಿಗೆಯೇ ಬೇರೆ.

ಅವನ ಹೆಂಡತಿಯದು ಬೇರೆ ಕಥೆ. ಅವಳ ಅಮ್ಮ ಬೌದ್ಧ ದೇವಸ್ಥಾನಕ್ಕೆ ಹೋಗುವವರು. ಅವಳು ಹುಟ್ಟಿದಾಗಿಂದ ಚರ್ಚಿನ ಒಳಗೆ ಕಾಲಿಟ್ಟಿರಲಿಲ್ಲ. ಕೈಗೆ ಮರದ ಮಣಿಯ ಸರ ಕಟ್ಟಿಕೊಂಡಿದ್ದಳು. ಚರ್ಚಿಗೆ ಬರುವಾಗ ಅದನ್ನು ತೋಳಿನ ಒಳಗೆ ತಳ್ಳುತ್ತಿದ್ದಳು, ನಾನು ನೋಡಿದ್ದೆ. ಫ್ಲಷಿಂಗ್‌ನಲ್ಲಿ ಕೊರಿಯಾದ ಬೌದ್ಧ ಮಂದಿರಗಳೂ ಇವೆ. ಆದರೆ ಮಕ್ಕಳ ಶಾಲೆಯ ಫಾರಂ ತುಂಬಿಕೊಟ್ಟಿದ್ದು ಚರ್ಚು, ಮನೆಗೆ ಜಾಮೀನು ಕೊಟ್ಟಿದ್ದು ಚರ್ಚು.

ಲೆಕ್ಕ ನೋಡಿದರೂ ಇದೇ ಕಾಣುತ್ತದೆ. 2015ರ ಜನಗಣತಿಯ ಪ್ರಕಾರ ದಕ್ಷಿಣ ಕೊರಿಯಾದಲ್ಲಿ ಪ್ರೊಟೆಸ್ಟಂಟರು, ಕ್ಯಾಥೊಲಿಕರು ಸೇರಿದರೂ 100ಕ್ಕೆ 28ರಷ್ಟು. ಅರ್ಧಕ್ಕಿಂತ ಜಾಸ್ತಿ ಜನ ಯಾವ ಧರ್ಮವೂ ಇಲ್ಲ ಅನ್ನುತ್ತಾರೆ. ಅಮೆರಿಕದ ಕೊರಿಯಾದವರಲ್ಲಿ ಪ್ಯೂ ಅನ್ನುವ ಸಂಶೋಧನಾ ಸಂಸ್ಥೆಯ 2012ರ ಸಮೀಕ್ಷೆ ಪ್ರಕಾರ 100ಕ್ಕೆ ಕ್ರೈಸ್ತರು 71, ಬೌದ್ಧರು 6. ಒಂದು ಕಾರಣ, ವಲಸೆ ಬಂದವರಲ್ಲಿ ಮೊದಲೇ ಕ್ರೈಸ್ತರು ಜಾಸ್ತಿ. ಉತ್ತರದಿಂದ ಬಂದವರು, ಪಟ್ಟಣದವರು, ಓದಿದವರು. ಇನ್ನೊಂದು, ಬಂದ ಮೇಲೆ ಚರ್ಚಿಗೆ ಸೇರಿದವರು. ಫ್ಲಷಿಂಗ್ ಪಕ್ಕದಲ್ಲೇ ಇರುವ ಕ್ವೀನ್ಸ್ ಕಾಲೇಜಿನ ಸಮಾಜಶಾಸ್ತ್ರಜ್ಞ ಪ್ಯೊಂಗ್ ಗಾಪ್ ಮಿನ್ 1992ರಲ್ಲೇ ಬರೆದಿದ್ದರು: ಈ ಚರ್ಚುಗಳು ಒಡನಾಟ ಕೊಡುತ್ತವೆ, ಭಾಷೆ ಸಂಸ್ಕೃತಿ ಉಳಿಸುತ್ತವೆ, ಕಷ್ಟಕ್ಕೆ ನೆರವಾಗುತ್ತವೆ, ಸ್ಥಾನಮಾನ ಕೊಡುತ್ತವೆ. ನಾಲ್ಕನ್ನೂ ನಾನು ಅಡುಗೆಮನೆಯಲ್ಲೇ ನೋಡಿದ್ದೆ. ಅಷ್ಟೇ ಅಂದುಕೊಂಡಿದ್ದೆ.

2019ರ ಜನವರಿ 13 ಭಾನುವಾರ ಬಂತು. ಆ ದಿನ ಅಮೆರಿಕದ ಕೊರಿಯಾದವರಿಗೆ ವಿಶೇಷ. 1903ರಲ್ಲಿ ಅದೇ ದಿನ ಗೇಲಿಕ್ ಅನ್ನುವ ಹಡಗು ನೂರಕ್ಕೂ ಹೆಚ್ಚು ಕೊರಿಯನ್ನರನ್ನು ಹೊನೊಲುಲುವಿಗೆ ತಂದಿಳಿಸಿತ್ತು, ಹವಾಯಿಯ ಕಬ್ಬಿನ ತೋಟದ ಕೆಲಸಕ್ಕೆ. ಚರ್ಚಿನಲ್ಲಿ ಮಕ್ಕಳು ಇದನ್ನು ನಾಟಕ ಮಾಡಿದರು. ನನ್ನ ಪಕ್ಕ ಕೂತ ಹುಡುಗಿ ಪಿಸುಮಾತಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಕೂಲಿಗೆ ಜನ ಬೇಕು ಅಂತ ಜಾಹೀರಾತು ಹಾಕಿದರೆ ಮೊದಲು ಯಾರೂ ಹೊರಡಲಿಲ್ಲ. ಪೂರ್ವಜರ ಸಮಾಧಿ ಬಿಟ್ಟು ಸಮುದ್ರ ದಾಟುವುದು ಹೇಗೆ? ಆಗ ಇಂಚನ್ ಬಂದರಿನ ನೇರಿ ಚರ್ಚಿನ ಅಮೆರಿಕನ್ ಪಾದ್ರಿ ಜೋನ್ಸ್ ತನ್ನ ಸಭೆಯವರನ್ನು ಒಪ್ಪಿಸಿದರು. ಆ ಮೊದಲ ಹಡಗಿನಲ್ಲಿ ಬಹಳ ಮಂದಿ ಆ ಚರ್ಚಿನವರೇ. ಹಡಗಿನಲ್ಲೇ ಪ್ರಾರ್ಥನೆ ನಡೆಸಿಕೊಂಡು ಹೋದರು. ಅದೇ ವರ್ಷ ನವೆಂಬರಿನಲ್ಲಿ ಹೊನೊಲುಲುವಿನಲ್ಲಿ ಚರ್ಚು ಶುರುವಾಯಿತು. 1905ರಲ್ಲಿ ವಲಸೆ ನಿಲ್ಲುವ ಹೊತ್ತಿಗೆ ಏಳು ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರು. ಜಪಾನ್ ಅವರ ದೇಶವನ್ನು ನುಂಗಿದ ಮೇಲೆ, ತೋಟದ ಕೂಲಿಯಲ್ಲಿ ಉಳಿಸಿದ ಪುಡಿಗಾಸು ಸ್ವಾತಂತ್ರ್ಯ ಚಳವಳಿಗೆ ಹೋಗುತ್ತಿದ್ದದ್ದೂ ಈ ಚರ್ಚುಗಳ ಮೂಲಕವೇ.

ನಾಟಕದಲ್ಲಿ ಪಾದ್ರಿಯ ಪಾತ್ರ ಮಾಡಿದ್ದು ಹನ್ನೊಂದು ವರ್ಷದ ಆ ಹುಡುಗ, ಈಗ ಹನ್ನೆರಡು. ಅವನ ಅಪ್ಪ ಮೈಕಿನ ಹತ್ತಿರ ನಿಂತು ನೋಡುತ್ತಿದ್ದ.

ಚರ್ಚುಗಳಲ್ಲಿ ನೋವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ವೊನ್ಸಾನಿಂ ಮೊದಲು ಹೋಗುತ್ತಿದ್ದ ಚರ್ಚು ಜಗಳವಾಡಿ ಎರಡು ಹೋಳಾಯಿತು. ಕಟ್ಟಡ ಯಾರದು ಅಂತ ಕೋರ್ಟಿಗೂ ಹೋಯಿತು. ಮೂವತ್ತು ವರ್ಷದಿಂದ ಗೆಳತಿಯಾಗಿದ್ದವರ ಜೊತೆ ಇವರು ಒಂಬತ್ತು ವರ್ಷ ಮಾತು ಬಿಟ್ಟರು. ಆ ಗೆಳತಿ ತೀರಿಕೊಂಡ ಸುದ್ದಿ ಬಂದಾಗ ಹೋಗಲೂ ಆಗಲಿಲ್ಲ. ಇದನ್ನು ಹೇಳುವಾಗ ಅವರ ಧ್ವನಿ ಪ್ಯೊಂಗ್ಯಾಂಗ್ ಕಥೆ ಹೇಳುವಾಗಿನದಕ್ಕಿಂತ ಜಾಸ್ತಿ ನಡುಗಿತು. ಅಡುಗೆಮನೆಯ ಭಾರ ಎಲ್ಲ ಹೆಂಗಸರದು, ತೀರ್ಮಾನ ಮಾಡುವ ಮೇಜಿನ ಸುತ್ತ ಕೂರುವವರು ಹೆಚ್ಚಾಗಿ ಗಂಡಸರು. ನನಗೆ ಅದು ಸರಿ ಕಾಣಲಿಲ್ಲ, ಅವರಲ್ಲೂ ಅನೇಕರಿಗೆ ಸರಿ ಕಾಣುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಕಾಲೇಜಿಗೆ ಹೋದ ಮೇಲೆ ಸದ್ದಿಲ್ಲದೆ ಬಿಟ್ಟುಹೋಗುತ್ತಾರೆ. ಕ್ವೊನ್ಸಾನಿಂ ಇಬ್ಬರು ಮಕ್ಕಳೂ ಈಗ ಚರ್ಚಿಗೆ ಬರುವುದಿಲ್ಲ.

ಆ ಚಳಿಗಾಲ ಅವರು ಮಂಜುಗಡ್ಡೆಯ ಮೇಲೆ ಜಾರಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದರು. ನಸುಕಿನ ಪ್ರಾರ್ಥನೆ ಮಾತ್ರ ತಪ್ಪಿಸುವ ಹಾಗಿಲ್ಲ. ಅದಕ್ಕೆ 'ಸೇಬ್ಯೊಕ್ ಗಿದೋ' ಅನ್ನುತ್ತಾರೆ. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಐದೂವರೆಗೆ. ನಾನು ಕಾರಿನಲ್ಲಿ ಬಿಟ್ಟು, ಹಿಂದಿನ ಬೆಂಚಿನಲ್ಲಿ ಕೂತು ಕಾಯುತ್ತಿದ್ದೆ. ಇಪ್ಪತ್ತು ಮೂವತ್ತು ಜನ ಬರುತ್ತಾರೆ. ಕೆಲವರು ರಾತ್ರಿ ಪಾಳಿ ಮುಗಿಸಿ, ಕೆಲವರು ಅಂಗಡಿ ತೆಗೆಯುವ ಮೊದಲು. ಪಾದ್ರಿ ಬೈಬಲಿನಿಂದ ಸ್ವಲ್ಪ ಓದಿ ನಾಲ್ಕು ಮಾತು ಹೇಳುತ್ತಾರೆ. ಆಮೇಲೆ ದೀಪ ಆರಿಸುತ್ತಾರೆ. ಕತ್ತಲಲ್ಲಿ ಎಲ್ಲರೂ ಒಟ್ಟಿಗೆ "ಜುಯೋ!" ಅಂತ ಕೂಗುತ್ತಾರೆ. ಕರ್ತನೇ ಅಂತ ಅರ್ಥ. ಮತ್ತೆ ಒಬ್ಬೊಬ್ಬರೂ ತಮ್ಮ ತಮ್ಮ ಪ್ರಾರ್ಥನೆಯನ್ನು ಜೋರಾಗಿ, ಒಂದೇ ಸಲಕ್ಕೆ. ಯಾರ ಮಾತು ಯಾರಿಗೂ ಕೇಳಿಸುವುದಿಲ್ಲ. ಮೊದಲ ದಿನ ನನಗೆ ಭಯ ಆಯಿತು.

ಆ ಕತ್ತಲಲ್ಲಿ ಒಂದು ದಿನ ಉಗುರು ಸಲೂನಿನ ಆ ಹೆಂಗಸನ್ನು ನೋಡಿದೆ. ಮುಂದಿನ ಬೆಂಚಿಗೆ ಹಣೆ ಒತ್ತಿ ಅಳುತ್ತಿದ್ದಳು. ಬಿಕ್ಕಿ ಬಿಕ್ಕಿ, ಮಗುವಿನ ಹಾಗೆ. ತೋಳು ಮೇಲೆ ಸರಿದು ಮಣಿಸರ ಕಾಣುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಸಮಾಧಾನ ಮಾಡಲಿಲ್ಲ. ದೀಪ ಹಾಕಿದಾಗ ಮುಖ ಒರೆಸಿಕೊಂಡು ಎದ್ದು ಕೆಲಸಕ್ಕೆ ಹೋದಳು.

ಕಾರಿನಲ್ಲಿ ನಾನು ಕೇಳಿದೆ: "ಕ್ವೊನ್ಸಾನಿಂ, ಅವಳಿಗೆ ಏನು ಕಷ್ಟ? ಏನಾದ್ರೂ ಸಹಾಯ ಮಾಡಬಹುದಾ?"

"ನೀನು ಯಾವಾಗ್ಲೂ ಸಹಾಯ, ಸಹಾಯ ಅಂತೀಯ" ಅಂದರು. ಕೋಪ ಇರಲಿಲ್ಲ. "ಮನೆ ಕೊಡಿಸಿದ್ವಿ, ಕೆಲಸ ಕೊಡಿಸಿದ್ವಿ. ಅದು ಸುಲಭ. ನಾನು ಬಂದಾಗ ಅಂಗಡೀಲಿ ಅಳೋ ಹಾಗಿರ್ಲಿಲ್ಲ, ಗಿರಾಕಿ ಇರ್ತಾರೆ. ಮನೇಲಿ ಅಳೋ ಹಾಗಿಲ್ಲ, ಮಕ್ಕಳು ನೋಡ್ತಾರೆ. ಗಂಡನ ಮುಂದೆ ಅತ್ರೆ ಅವನೂ ಅಳ್ತಾನೆ. ನಾನು ಇಲ್ಲಿಗೆ ಬಂದದ್ದು ಅಕ್ಕಿಗಲ್ಲ, ಸೇದೆಕ್. ದೇವರ ಮುಂದೆ ಅಳೋಕೆ."

ನಾನು ಏನೂ ಹೇಳಲಿಲ್ಲ. ಅರ್ಥ ಆಗಿದೆ ಅಂದುಕೊಂಡೆ. ನಿಜವಾಗಿ ಅರ್ಥ ಆದದ್ದು ಜನವರಿ 21ರಂದು.

ಅವತ್ತು ಸೋಮವಾರ, ಕೊರೆಯುವ ಚಳಿ. ಎದ್ದು ಫೋನ್ ನೋಡಿದರೆ ಊರಿನಿಂದ ಹದಿನೇಳು ಮೆಸೇಜು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾಗಿದ್ದರು. ನೂರಾ ಹನ್ನೊಂದು ವರ್ಷದ ಜೀವ, ಕಾಯಿಲೆಯಲ್ಲಿದ್ದರು, ಎಲ್ಲರಿಗೂ ಗೊತ್ತಿತ್ತು. ಆದರೂ ಎದೆ ಒಡೆದ ಹಾಗಾಯಿತು. ಅಪ್ಪ ಆಗಲೇ ಮಠಕ್ಕೆ ಹೊರಟಿದ್ದರು. ಫೋನಿನಲ್ಲಿ ಅವರಿಗೆ ಮಾತೇ ಬರುತ್ತಿರಲಿಲ್ಲ. "ಅವರ ಅನ್ನ ತಿಂದವನಮ್ಮ ನಾನು" ಅಂದು ಇಟ್ಟುಬಿಟ್ಟರು. ನನ್ನ ಗಂಡ ಬೆಂಗಳೂರಲ್ಲಿ ಬೆಳೆದವನು, ಒಳ್ಳೆಯವನು, ಆದರೆ ಅವನಿಗೆ ಆ ಗಡಿಗೆಯ ಅಕ್ಕಿ ಗೊತ್ತಿಲ್ಲ. ಯಾರ ಹತ್ತಿರ ಹೇಳಲಿ?

ಐದು ಗಂಟೆಗೆ ಎಂದಿನಂತೆ ಕೆಳಗೆ ಹೋದೆ. ಕ್ವೊನ್ಸಾನಿಂ ನನ್ನ ಮುಖ ನೋಡಿದರು. ಕಾರಿನಲ್ಲಿ ಹೇಳಿದೆ: ಅಜ್ಜಿ ಹಿಡಿ ಅಕ್ಕಿ ಕಳಿಸುತ್ತಿದ್ದರಲ್ಲ, ಆ ಮನೆಯ ಗುರು ಹೋದರು. ಅವರು ನನ್ನ ಕೈ ಹಿಡಿದುಕೊಂಡರು, ಅಷ್ಟೇ. ಚರ್ಚಿನಲ್ಲಿ ಅವತ್ತು ಮುಂದೆ ಹೋಗಲಿಲ್ಲ, ನನ್ನ ಜೊತೆ ಹಿಂದಿನ ಬೆಂಚಿನಲ್ಲೇ ಕೂತರು. ದೀಪ ಆರಿತು. "ಜುಯೋ!" ಅಂತ ಕತ್ತಲು ಒಡೆಯಿತು. ನಾನು "ಬುದ್ಧೀ..." ಅಂದೆ. ನಮ್ಮ ಕಡೆ ಸ್ವಾಮಿಗಳನ್ನು ಹಾಗೇ ಕರೆಯುವುದು. ಆಮೇಲೆ ಅತ್ತೆ. ಎಷ್ಟು ಹೊತ್ತು ಗೊತ್ತಿಲ್ಲ. ಅಷ್ಟು ಜನರ ಕೂಗಿನಲ್ಲಿ ನನ್ನ ಅಳು ಯಾರಿಗೂ ಕೇಳಲಿಲ್ಲ.

ಸಂಜೆ ಬಾಗಿಲು ಬಡಿದ ಸದ್ದು. ಮೊಳಕೆಯ ಸಾರಿನ ಪಾತ್ರೆ ಹಿಡಿದು, ಆ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ಬಂದಿದ್ದರು. ಅವರ ಸಾರಿಗೆಲ್ಲ ಒಣಮೀನು ಹಾಕುತ್ತಾರೆ. ನನಗಾಗಿ ಸಮುದ್ರದ ಸೊಪ್ಪು ಕುದಿಸಿದ ನೀರಲ್ಲಿ ಬೇರೆಯಾಗಿ ಮಾಡಿದ್ದರು. ಮರುದಿನ ಅವರೇ ಕೇಳಿ, ನನ್ನ ಜೊತೆ ಗಣೇಶನ ಗುಡಿಯವರೆಗೆ ನಡೆದು ಬಂದರು. ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನಾನೂ ಅವರ ಚರ್ಚಿನಲ್ಲಿ ದೀಕ್ಷೆ ತೆಗೆದುಕೊಳ್ಳಲಿಲ್ಲ. ಒಮ್ಮೆ ಪಾದ್ರಿ ಕೇಳಿದ್ದರು, ನಾನು ನನಗೆ ನನ್ನ ಲಿಂಗ ಇದೆ ಅಂದಿದ್ದೆ. ಕ್ವೊನ್ಸಾನಿಂ ಆ ಮಾತು ಯಾವತ್ತೂ ಎತ್ತಲಿಲ್ಲ.

ಗುಡಿ ಇರುವ ರಸ್ತೆಯ ಬಗ್ಗೆ ಒಂದು ಮಾತು. 1657ರಲ್ಲಿ ಫ್ಲಷಿಂಗ್‌ನ ಜನ, ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರಿಗೆ ಪ್ರಾರ್ಥನೆ ಮಾಡಲು ಬಿಡಿ ಅಂತ ಆಗ ಆ ಊರನ್ನು ಆಳುತ್ತಿದ್ದ ಡಚ್ ಗವರ್ನರಿಗೆ ಅರ್ಜಿ ಬರೆದಿದ್ದರು. ಆಮೇಲೆ ತನ್ನ ಮನೆಯಲ್ಲಿ ಅವರ ಪ್ರಾರ್ಥನೆಗೆ ಜಾಗ ಕೊಟ್ಟು ಸೆರೆಗೆ ಹೋದವನು ಜಾನ್ ಬೌನ್. ಆ ರಸ್ತೆಗೆ ಅವನದೇ ಹೆಸರು. ಅಲ್ಲಿ ನಡೆಯುವಾಗ ನನಗೆ ಅದು ನೆನಪಾಗುತ್ತಿತ್ತು.

ಆ ವರ್ಷದ ಈಸ್ಟರಿಗೆ ಉ‌ಗುರು ಸಲೂನಿನ ಹೆಂಗಸು ದೀಕ್ಷೆ ತೆಗೆದುಕೊಂಡಳು. ಮಣಿಸರ ಏನು ಮಾಡಿದೆ ಅಂತ ನಾನು ಕೇಳಲಿಲ್ಲ. ಅವಳೇ ಹೇಳಿದಳು, ಅಮ್ಮನ ನೆನಪಿಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ ಅಂತ. ಅದರ ಮುಂದಿನ ತಿಂಗಳು ಸೋಲ್‌ನಿಂದ ಇನ್ನೊಂದು ಸಂಸಾರ ಬಂತು. ಏರ್‌ಪೋರ್ಟಿಗೆ ಹೋದವರಲ್ಲಿ ಅವಳೂ ಇದ್ದಳು. ಬಾರ್ಲಿ ನೀರಿನ ಫ್ಲಾಸ್ಕ್ ಈ ಸಲ ಅವಳ ಕೈಯಲ್ಲಿತ್ತು.

ಜೂನಿನಲ್ಲಿ ನನ್ನ ಗಂಡನಿಗೆ ಡಲ್ಲಾಸ್‌ಗೆ ವರ್ಗ ಆಯಿತು. ಹೇಳಿದ ಕೂಡಲೇ ಕ್ವೊನ್ಸಾನಿಂ ಕೇಳಿದ್ದು ಒಂದೇ.

"ಏರ್‌ಪೋರ್ಟಿಗೆ ಯಾರು ಬರ್ತಾರೆ?"

"ಯಾರೂ ಇಲ್ಲ, ಟ್ಯಾಕ್ಸಿ ಮಾಡ್ತೀವಿ" ಅಂದೆ. ಅವರು ಸುಮ್ನೆ ಒಳಗೆ ಹೋಗಿ ಹಳೆಯ ನಂಬರ್ ಪುಸ್ತಕ ತಂದರು, ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದರು. ಯಾರಿಗೋ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು. ನನಗೆ ತಿಳಿದದ್ದು 'ಸೇದೆಕ್' ಅನ್ನುವ ಮಾತೊಂದೇ, ಮೂರು ನಾಲ್ಕು ಸಲ ಬಂತು.

ಡಲ್ಲಾಸ್‌ನಲ್ಲಿ ರಾತ್ರಿ ಹತ್ತೂವರೆಗೆ ಇಳಿದೆವು. ಬಾಗಿಲಲ್ಲಿ ಒಬ್ಬ ಕೊರಿಯಾದವರು ನಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದರು. ಐವತ್ತೈದರ ಹತ್ತಿರದ ವಯಸ್ಸು. ದಿನವಿಡೀ ಕೆಲಸ ಮಾಡಿ ಬಂದ ಮುಖ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಮೀನು ಮಾಂಸ ಹಾಕದ ಅನ್ನದ ಸುರುಳಿ. "ನೋ ಮೀಟ್, ನೋ ಫಿಶ್. ಕ್ವೊನ್ಸಾನಿಂ ಹೇಳಿದ್ದಾರೆ" ಅಂದರು. ನನ್ನ ಗಂಡ ನನ್ನ ಕಿವಿಯಲ್ಲಿ "ಇವರು ಯಾರು, ನಿಂಗೆ ಗೊತ್ತಾ?" ಅಂತ ಕೇಳಿದ. ಗೊತ್ತಿಲ್ಲ ಅಂದೆ.

ಮರುದಿನ ಬೆಳಿಗ್ಗೆ ಐದೂವರೆಗೇ ಎಚ್ಚರ ಆಯಿತು. ನ್ಯೂಯಾರ್ಕಿನಲ್ಲಿ ಆಗ ಆರೂವರೆ. ಪ್ರಾರ್ಥನೆ ಮುಗಿದಿರುತ್ತೆ ಅಂತ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಬಂದಿದ್ರಾ?"

"ಬಂದಿದ್ರು."

"ಊಟ ಆಯ್ತಾ?"

"ಆಯ್ತು."

"ಅವನದು ಏನು ಅಂಗಡಿಯಂತೆ?"

"ಡೋನಟ್ ಅಂಗಡಿ, ಕ್ವೊನ್ಸಾನಿಂ" ಅಂದೆ.